ಹಾಡು ಮೊದಲೋ, ಪಟ ಮೊದಲೋ?

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಾವು ಮೂವರು ಗೆಳೆಯರು ಒಂದು ಹಾಡಿನ ವಿಡಿಯೋ ಮಾಡಲು ಹೊರಟೆವು. ಹಾಡುವವರು ಪಕ್ಕದೂರಿನ ತತ್ವಪದದ ಅಜ್ಜ. ಅವರ ಕೈಯಲ್ಲಿ ಏಕತಾರಿ, ಜೊತೆಗೆ ದಮ್ಮಡಿಯವರೊಬ್ಬರು, ತಾಳದವರೊಬ್ಬರು. ಮೊದಲು ಪೇಟೆಯ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಹಾಡು ರೆಕಾರ್ಡ್ ಮಾಡಿಸಿದೆವು. ಆಮೇಲೆ ಒಂದು ದಿನ ಕೆರೆ ಏರಿಯ ಮೇಲೆ ಅವರನ್ನು ನಿಲ್ಲಿಸಿ, ಸ್ಪೀಕರಿನಲ್ಲಿ ಅದೇ ಹಾಡು ಹಾಕಿ, "ಅಜ್ಜಾ, ಇದಕ್ಕ ಸರಿಯಾಗಿ ಬಾಯಿ ಆಡಸ್ರಿ, ಸಾಕು" ಅಂದೆವು.

ಸಾಕಾಗಲಿಲ್ಲ. ಸ್ಪೀಕರಿನ ಹಾಡು ಒಂದು ಕಡೆ ಹೋದರೆ ಅಜ್ಜನ ಬಾಯಿ ಇನ್ನೊಂದು ಕಡೆ ಹೋಗುತ್ತಿತ್ತು. ಸ್ಟುಡಿಯೋದಲ್ಲಿ ಎಳೆದ ಸಾಲನ್ನು ಇಲ್ಲಿ ತುಂಡರಿಸುತ್ತಿದ್ದರು. ಅಲ್ಲಿ ಒಂದೇ ಸಲ ಹೇಳಿದ ಪಲ್ಲವಿಯನ್ನು ಇಲ್ಲಿ ಎರಡು ಸಲ ಹಿಡಿಯುತ್ತಿದ್ದರು. ಹತ್ತು ಸಲ ತೆಗೆದೆವು, ಹತ್ತೂ ಸಲ ತಪ್ಪಿತು. ಹೊತ್ತು ಮುಳುಗುತ್ತ ಬಂತು. ನಮ್ಮಲ್ಲೊಬ್ಬನಿಗೆ ಸಿಟ್ಟು ಬಂದು, "ಅಜ್ಜಾ, ನೀವೇ ಹಾಡಿದ್ದಲ್ಲೇನ್ರಿ ಇದು? ನಿಮಗ ನೆನಪಿಲ್ಲೇನು?" ಎಂದುಬಿಟ್ಟ.

ಅಜ್ಜ ಏಕತಾರಿಯನ್ನು ಮಡಿಲಲ್ಲಿಟ್ಟುಕೊಂಡು ಏರಿಯ ಕಲ್ಲಿನ ಮೇಲೆ ಕುಳಿತರು. "ನೆನಪೈತಿ ತಮ್ಮಾ. ಆದ್ರ ಅದು ಅವತ್ತಿನ ಹಾಡು. ಇವತ್ತ ಮತ್ತ ಅದನ್ನ ಹ್ಯಾಂಗ ಹಾಡ್ಲಿ? ನೀವ ಹೇಳ್ರಿ, ಹಾಡು ಮೊದಲೋ, ನಿಮ್ಮ ಪಟ ಮೊದಲೋ?"

ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ, ಹಾಡಿನ ವಿಡಿಯೋ ಎಂಬ ಈ ಪದ್ಧತಿ ಎಲ್ಲಿಂದ ಬಂತು, ಮೊದಲು ಮಾಡಿದವರು ಹಾಡುವವರ ಜೊತೆ ಹೇಗೆ ಹೆಣಗಿದರು ಎಂದು ಹುಡುಕುತ್ತ ಹೋದೆವು. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ನಿಮ್ಮೂರಲ್ಲೂ ಯಾರಾದರೂ ಮೊಬೈಲ್ ಹಿಡಿದು ಜಾನಪದ ಸಾಂಗ್, ಆಲ್ಬಂ ಸಾಂಗ್ ಮಾಡುತ್ತಿರಬಹುದು. ಅವರಿಗೂ ಇದು ಉಪಯೋಗಕ್ಕೆ ಬಂದೀತು.

ತುಟಿ ಆಡಿಸುವ ಕಷ್ಟ

ಸಿನಿಮಾ ಹಾಡು ನಮಗೆಲ್ಲ ಗೊತ್ತು. ಮೊದಮೊದಲು ಅಲ್ಲೂ ಬಾಯಿ ಆಡಿಸುವ ಪದ್ಧತಿ ಇರಲಿಲ್ಲ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಆ ಕಾಲದ ಸಿನಿಮಾಗಳಲ್ಲಿ ನಟಿಸುವವರೇ ಕ್ಯಾಮೆರಾ ಮುಂದೆ ಹಾಡಬೇಕಿತ್ತು. ವಾದ್ಯದವರು ಪರದೆ ಹಿಂದೆಯೋ ಮರದ ಮರೆಯಲ್ಲೋ ಕುಳಿತು ನುಡಿಸುತ್ತಿದ್ದರು. ಹಿನ್ನೆಲೆ ಗಾಯನ ಬಂದ ಮೇಲೆ ಹಾಡುವವರೇ ಬೇರೆ, ತುಟಿ ಆಡಿಸುವವರೇ ಬೇರೆ ಆದರು. ನಟರಿಗೆ ಅದು ಅಭ್ಯಾಸವೂ ಆಯಿತು.

ಮ್ಯೂಸಿಕ್ ವಿಡಿಯೋದ ಕಥೆ ಬೇರೆ. ಇಲ್ಲಿ ಸಿನಿಮಾ ಕಥೆ ಇಲ್ಲ, ಹೀರೋ ಇಲ್ಲ. ಹಾಡಿದವರ ಮುಖವನ್ನೇ ತೋರಿಸಬೇಕು. ಹಾಡುಗಾರರಿಗೆ ನಟನೆ ಬರಬೇಕೆಂದೇನೂ ಇಲ್ಲ. ಅವರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಏನು ಮಾಡಿಸುವುದು ಎಂಬುದೇ ಈ ಕೆಲಸದ ಮೊದಲ ತೊಡಕು.

ಆ ತೊಡಕಿಗೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ 1965ರಲ್ಲಿ ಒಂದು ಸುಲಭದ ದಾರಿ ಹುಡುಕಿದ. ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿ. ಕ್ಯಾಮೆರಾ ಹಿಡಿದವರು ಡಿ. ಎ. ಪೆನ್ನೆಬೇಕರ್. ಹಾಡು ವೇಗವಾಗಿ ಓಡುತ್ತದೆ, ಪದಗಳು ಒಂದರ ಮೇಲೊಂದು ಬೀಳುತ್ತವೆ. ಅದಕ್ಕೆ ತುಟಿ ಸರಿಹೊಂದಿಸುವುದು ಯಾರಿಗಾದರೂ ಕಷ್ಟ. ಡಿಲನ್ ತುಟಿಯನ್ನೇ ಆಡಿಸಲಿಲ್ಲ. ಹಾಡಿನ ಪದಗಳನ್ನು ದೊಡ್ಡ ರಟ್ಟುಗಳ ಮೇಲೆ ಬರೆದುಕೊಂಡು ನಿಂತ. ಹಾಡು ಹೋದಂತೆ ಒಂದೊಂದು ರಟ್ಟು ತೋರಿಸಿ ಕೆಳಕ್ಕೆ ಬಿಸಾಡುತ್ತ ಹೋದ. ರಟ್ಟು ಬರೆಯುವುದಕ್ಕೆ ಗೆಳೆಯರು ಕೈಗೂಡಿಸಿದ್ದರು. ಅವರಲ್ಲಿ ಕವಿ ಅಲೆನ್ ಗಿನ್ಸ್‌ಬರ್ಗ್ ಒಬ್ಬರು. ಚಿತ್ರದಲ್ಲಿ ಹಿಂದೆ ಕೋಲು ಹಿಡಿದು ನಿಂತಿರುವವರು ಅವರೇ.

ಇದೇ ತುಣುಕು 1967ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರ ಆರಂಭದ ದೃಶ್ಯವಾಯಿತು. ಇಂದಿಗೂ ಜನ ಅದನ್ನು ಅನುಕರಿಸುತ್ತಾರೆ. ಖರ್ಚು ಏನು? ಒಂದು ಓಣಿ, ಒಂದು ಕ್ಯಾಮೆರಾ, ಒಂದು ಕಟ್ಟು ರಟ್ಟು. ರಟ್ಟಿನ ಯೋಚನೆ ಹೊಳೆದದ್ದು ಹಾಡುಗಾರನಿಗೆ ಎಂಬುದನ್ನು ಮರೆಯಬಾರದು. ಚಿತ್ರ ತೆಗೆಯುವವರು ಅದಕ್ಕೆ ಒಪ್ಪಿ ಕ್ಯಾಮೆರಾ ಹಿಡಿದು ನಿಂತರು, ಅಷ್ಟೇ.

ನಾಲ್ಕು ಗಂಟೆಯಲ್ಲಿ ಮುಗಿದ ಕೆಲಸ

ಎರಡನೆಯ ತೊಡಕು ಸಮಯದ್ದು. ಹಾಡುಗಾರರು ಒಂದೇ ದಿನ ಎರಡು ಊರಲ್ಲಿ ಇರಲಾರರು. 1966ರ ಹೊತ್ತಿಗೆ ಬೀಟಲ್ಸ್ ತಂಡಕ್ಕೆ ಎಲ್ಲ ದೇಶದ ಟಿವಿಗಳಿಂದಲೂ ಕರೆ. ಎಲ್ಲ ಕಡೆ ಹೋಗುವುದು ಆಗದ ಮಾತು. ಹಾಗಾಗಿ ಲಂಡನ್ನಿನ ಒಂದು ತೋಟದಲ್ಲಿ ತಾವು ಹಾಡುವುದನ್ನು ಚಿತ್ರೀಕರಿಸಿ, ಆ ರೀಲುಗಳನ್ನೇ ಟಿವಿಯವರಿಗೆ ಕಳಿಸಿದರು. ನಮ್ಮ ಬದಲು ನಮ್ಮ ಪಟ ಬರುತ್ತದೆ ಎಂಬ ಲೆಕ್ಕ.

1975ರಲ್ಲಿ ಕ್ವೀನ್ ಎಂಬ ಇಂಗ್ಲೆಂಡಿನ ತಂಡಕ್ಕೂ ಇದೇ ಕಷ್ಟ ಬಂತು. ಅವರ 'ಬೊಹೀಮಿಯನ್ ರ್‍ಯಾಪ್ಸಡಿ' ಹಾಡು ಸುಮಾರು ಆರು ನಿಮಿಷದ್ದು. ಸ್ಟುಡಿಯೋದಲ್ಲಿ ಮೂರು ಜನ ತಮ್ಮ ದನಿಗಳನ್ನು ಮತ್ತೆ ಮತ್ತೆ ಮೇಲೆ ಮೇಲೆ ಸೇರಿಸಿ ದೊಡ್ಡ ಮೇಳದಂತೆ ಕೇಳಿಸಿದ್ದರು. ಅದನ್ನು ಟಿವಿ ವೇದಿಕೆಯಲ್ಲಿ ನಿಂತು ಹಾಡಿದಂತೆ ನಟಿಸಿದರೆ ನಗೆಪಾಟಲು. ಮೇಲಾಗಿ ತಂಡ ಊರೂರು ತಿರುಗುವ ಕಾರ್ಯಕ್ರಮಕ್ಕೆ ಹೊರಟಿತ್ತು. ಬ್ರೂಸ್ ಗವರ್ಸ್ ಎಂಬ ನಿರ್ದೇಶಕನಿಗೆ ಸಿಕ್ಕಿದ್ದು ಸುಮಾರು ನಾಲ್ಕು ಗಂಟೆ. ಖರ್ಚು 4,500 ಪೌಂಡ್.

ಆ ನಾಲ್ಕು ಗಂಟೆಯಲ್ಲಿ ಅವರು ಮಾಡಿದ ಉಪಾಯ ನೋಡಿ. ಕ್ಷೌರದಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿ ಇದ್ದರೆ ನಮ್ಮ ಮುಖ ಒಂದರೊಳಗೊಂದು ಸಾಲಾಗಿ ಹೋಗುವುದಿಲ್ಲವೇ? ಕ್ಯಾಮೆರಾವನ್ನು ಅದರದೇ ಟಿವಿ ಪರದೆಗೆ ತಿರುಗಿಸಿ ಅಂಥದ್ದೇ ಮುಖಗಳ ಸಾಲು ಮೂಡಿಸಿದರು. ಲೆನ್ಸಿನ ಮುಂದೆ ಪಟ್ಟೆ ಪಟ್ಟೆ ಗಾಜಿಟ್ಟು ನಾಲ್ಕು ಮುಖಗಳನ್ನು ಹಲವಾಗಿ ಮಾಡಿದರು. ಹಾಡಿನಲ್ಲಿ ದನಿಗಳು ಹೇಗೆ ಒಂದರ ಮೇಲೊಂದು ಬಂದಿದ್ದವೋ ಚಿತ್ರದಲ್ಲಿ ಮುಖಗಳೂ ಹಾಗೇ ಬಂದವು. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಹಾಡಿಗೊಂದು ವಿಡಿಯೋ ಬೇಕೇ ಬೇಕು ಎಂಬ ಮಾತು ಕಂಪನಿಗಳಲ್ಲಿ ಬಲವಾದದ್ದು ಅದಾದ ಮೇಲೆ.

ಮೈ ಕೊಟ್ಟವರು, ಕೈ ಕೊಟ್ಟವರು

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ಹಗಲೂ ರಾತ್ರಿ ಬರೀ ಹಾಡಿನ ವಿಡಿಯೋ. ಮೊದಲು ತೋರಿಸಿದ ಹಾಡು, ವಿಡಿಯೋ ಬಂದು ರೇಡಿಯೋದ ಹಾಡುಗಾರನ ಕಾಲ ಮುಗಿಯಿತು ಎಂಬ ಅರ್ಥದ್ದು. ಆ ಅಂಜಿಕೆ ಪೂರ್ತಿ ಸುಳ್ಳಲ್ಲ. ಇಷ್ಟು ದಿನ ದನಿ ಚೆನ್ನಾಗಿದ್ದರೆ ಸಾಕಿತ್ತು, ಈಗ ಮುಖವೂ ಬೇಕಾಯಿತು. ಯಾರ ಮುಖ ತೋರಿಸಬೇಕು ಎಂಬ ಪ್ರಶ್ನೆಯೂ ಎದ್ದಿತು. ಕಪ್ಪು ಹಾಡುಗಾರರನ್ನು ಇಷ್ಟು ಕಡಿಮೆ ಏಕೆ ತೋರಿಸುತ್ತೀರಿ ಎಂದು ಡೇವಿಡ್ ಬೋವಿ ಎಂಬ ಬಿಳಿಯ ಹಾಡುಗಾರ 1983ರಲ್ಲಿ ಎಂಟಿವಿಯ ಸಂದರ್ಶನದಲ್ಲೇ ಕೇಳಿದ. ಅದೇ ವರ್ಷ ಮೈಕೆಲ್ ಜಾಕ್ಸನ್ನನ ವಿಡಿಯೋಗಳು ಬಂದು ಆ ಗೋಡೆ ಒಡೆದವು.

ಆ ಕಾಲದ ಎರಡು ವಿಡಿಯೋ ನಮ್ಮ ಮನಸ್ಸಿನಲ್ಲಿ ಕುಳಿತಿವೆ.

ಒಂದು, ನಾರ್ವೆ ದೇಶದ ಎ-ಹಾ ತಂಡದ 'ಟೇಕ್ ಆನ್ ಮಿ'. 1984ರಲ್ಲಿ ಈ ಹಾಡು ಬಂದಾಗ ಯಾರೂ ಅಷ್ಟಾಗಿ ಕೇಳಲಿಲ್ಲ. ಮೊದಲ ವಿಡಿಯೋ ಸಾಮಾನ್ಯದ್ದು, ನೀಲಿ ಹಿನ್ನೆಲೆಯಲ್ಲಿ ತಂಡ ನಿಂತು ಹಾಡುವುದು. ಹಾಡನ್ನು ಮತ್ತೆ ರೆಕಾರ್ಡ್ ಮಾಡಿ 1985ರಲ್ಲಿ ಸ್ಟೀವ್ ಬ್ಯಾರನ್ ನಿರ್ದೇಶನದಲ್ಲಿ ಬೇರೆ ವಿಡಿಯೋ ಮಾಡಿದರು. ಹುಡುಗಿಯೊಬ್ಬಳು ಹೋಟೆಲಿನಲ್ಲಿ ಕುಳಿತು ಚಿತ್ರಕಥೆಯ ಪುಸ್ತಕ ಓದುತ್ತಿರುತ್ತಾಳೆ. ಪುಸ್ತಕದೊಳಗಿನ ಹುಡುಗ ಕೈ ಚಾಚಿ ಅವಳನ್ನು ಒಳಕ್ಕೆ ಕರೆಯುತ್ತಾನೆ. ಚಿತ್ರೀಕರಿಸಿದ ದೃಶ್ಯದ ಮೇಲೆ ಪೆನ್ಸಿಲ್ಲಿನಿಂದ ಒಂದೊಂದೇ ಚಿತ್ರ ಬರೆದು ಮಾಡಿದ ಕೆಲಸ ಅದು. ಸುಮಾರು 3,000 ಚಿತ್ರ, 16 ವಾರ. ಬರೆದವರು ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡಿಸ್ ರೆಕಿಂಜರ್. ಸೋತ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಹದಿನಾರು ವಾರ ಬೆನ್ನು ಬಗ್ಗಿಸಿ ಬರೆದವರ ಹೆಸರು ಎಷ್ಟು ಜನರಿಗೆ ಗೊತ್ತು?

ಇನ್ನೊಂದು, 1986ರ 'ಸ್ಲೆಡ್ಜ್‌ಹ್ಯಾಮರ್'. ಹಾಡಿದವನು ಪೀಟರ್ ಗೇಬ್ರಿಯಲ್, ನಿರ್ದೇಶನ ಸ್ಟೀಫನ್ ಜಾನ್ಸನ್. ಹಾಡುಗಾರನ ಮುಖದ ಮೇಲೆ ಮೋಡ ಓಡುತ್ತದೆ, ತಲೆ ಸುತ್ತ ಆಟಿಕೆ ರೈಲು ತಿರುಗುತ್ತದೆ, ಹಣ್ಣುಗಳು ಸೇರಿ ಮುಖವಾಗುತ್ತವೆ. ಕಂಪ್ಯೂಟರ್ ಆಟ ಅಲ್ಲ. ಒಂದು ಚಿತ್ರ ತೆಗೆಯುವುದು, ವಸ್ತುವನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೊಂದು ಚಿತ್ರ ತೆಗೆಯುವುದು. ಒಂದು ಸೆಕೆಂಡಿಗೆ ಹೀಗೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಬೇಕು. ಪ್ರತಿ ಚಿತ್ರಕ್ಕೂ ಗೇಬ್ರಿಯಲ್ ತುಟಿಯನ್ನು ಆ ಅಕ್ಷರಕ್ಕೆ ತಕ್ಕಂತೆ ಇಟ್ಟು ಅಲುಗಾಡದೆ ಇರಬೇಕಿತ್ತು. ಇದಕ್ಕಾಗಿ ಅವನು ಗಾಜಿನ ಹಾಳೆಯ ಕೆಳಗೆ 16 ಗಂಟೆ ಮಲಗಿದ್ದ. 1987ರಲ್ಲಿ ಆ ವಿಡಿಯೋಗೆ ಎಂಟಿವಿಯ ಒಂಬತ್ತು ಪ್ರಶಸ್ತಿ ಬಂದವು.

ಅಷ್ಟು ದೊಡ್ಡ ಹಾಡುಗಾರ ಹಾಗೆ ಮಲಗಿದ್ದು ಏಕೆ? ಏನು ಮಾಡುತ್ತಿದ್ದೇವೆ ಎಂಬುದು ಅವನಿಗೂ ಗೊತ್ತಿತ್ತು, ಅವನಿಗೂ ಅದು ಬೇಕಾಗಿತ್ತು. ನಾವು ನಮ್ಮ ಅಜ್ಜನಿಗೆ ಏನನ್ನೂ ಹೇಳಿರಲಿಲ್ಲ. ಬಾಯಿ ಆಡಿಸಿ ಅಂದಿದ್ದೆವು, ಅಷ್ಟೇ.

ನಮ್ಮ ಟಿವಿಗೆ ಬಂದ ಹಾಡುಗಳು

ನಮ್ಮ ದೇಶದ ಮಾತಿಗೆ ಬರೋಣ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಬಂತು. ಊರಿಗೊಂದು ಟಿವಿ ಇದ್ದ ಕಾಲ. ನಮ್ಮ ಅಪ್ಪ ಅಮ್ಮನ ವಯಸ್ಸಿನವರಿಗೆ ಇಂದಿಗೂ ಅದು ಬಾಯಿಪಾಠ. ಸಾಹಿತ್ಯ ಪೀಯೂಷ್ ಪಾಂಡೆ ಅವರದ್ದು, ಚಿತ್ರೀಕರಣ ಕೈಲಾಶ್ ಸುರೇಂದ್ರನಾಥ್ ಅವರದ್ದು. ಹಲವು ಭಾಷೆಗಳ ನಡುವೆ ಕನ್ನಡದ ಸಾಲೂ ಇದೆ, ನಮ್ಮ ಪ್ರಕಾಶ್ ಪಡುಕೋಣೆಯೂ ಕಾಣುತ್ತಾರೆ. ರೈಲು, ಆನೆ, ಸಮುದ್ರ ಎಲ್ಲ ಬರುತ್ತವೆ. ಆದರೆ ಆರಂಭ ಆಗುವುದು ಗದಗಿನ ಮಣ್ಣಿನ ಭೀಮಸೇನ ಜೋಶಿಯವರ ದನಿಯಿಂದ.

ಭೀಮಸೇನರ ಕಛೇರಿ ನೋಡಿದವರಿಗೆ ಗೊತ್ತು. ಅವರ ಹಾಡು ಗಂಟಲಲ್ಲಷ್ಟೇ ಇರುತ್ತಿರಲಿಲ್ಲ, ಕೈಯಲ್ಲಿ, ಭುಜದಲ್ಲಿ, ಹುಬ್ಬಿನಲ್ಲಿ ಇರುತ್ತಿತ್ತು. ಆ ವಿಡಿಯೋದಲ್ಲಿ ಅವರು ಬೀಳುವ ನೀರಿನ ಮುಂದೆ ನಿಂತು ಹಾಡುತ್ತಾರೆ. ಅವರಿಗೆ ವೇಷ ಹಾಕಿಸಿಲ್ಲ, ಕುಣಿಸಿಲ್ಲ. ಭೀಮಸೇನರನ್ನು ಭೀಮಸೇನರಾಗಿಯೇ ಬಿಟ್ಟಿದ್ದಾರೆ. ಹಿಂದೂಸ್ತಾನಿ ಸಂಗೀತ ಕೇಳದ ಮನೆಗಳಿಗೂ ಆ ಮುಖ, ಆ ದನಿ ಒಟ್ಟಿಗೇ ತಲುಪಿತು.

1995ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಬಂತು. ನಿರ್ದೇಶನ ಕೆನ್ ಘೋಷ್. ಸಂಗೀತ ಕಟ್ಟಿದ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಂಗ್ಲೆಂಡಿಗೆ ಹೋಗಿ 1974ರಲ್ಲೇ 'ಕುಂಗ್ ಫು ಫೈಟಿಂಗ್' ಎಂಬ ಹಾಡನ್ನು ತಯಾರಿಸಿ ಜಗತ್ತಿಗೆಲ್ಲ ಕೇಳಿಸಿದವರು. ಅಲ್ಲಿಯವರೆಗೆ ನಮ್ಮಲ್ಲಿ ಹಾಡುವವರ ಮುಖ ಕಾಣುವುದೇ ಅಪರೂಪ, ತೆರೆ ಮೇಲೆ ನಾಯಕಿಯ ಮುಖವೇ ಇರುತ್ತಿತ್ತು. ಈ ವಿಡಿಯೋದಲ್ಲಿ ಹಾಡಿದವಳೇ ರಾಣಿಯಾಗಿ ಕುಳಿತಳು, ಬಂದ ವರರನ್ನು ಒಬ್ಬೊಬ್ಬರನ್ನಾಗಿ ಬೇಡ ಎಂದಳು. ಮ್ಯೂಸಿಕ್ ವಿಡಿಯೋ ಹಾಡುಗಾರರಿಗೆ ಕೊಟ್ಟ ದೊಡ್ಡ ಲಾಭ ಇದು. ಬೇರೆಯವರ ತುಟಿಯ ಹಿಂದೆ ಇದ್ದವರು ಮುಂದಕ್ಕೆ ಬಂದರು.

ಮೊಬೈಲ್ ಕಾಲ

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಟಿವಿಯವರ ಬಾಗಿಲು ಕಾಯುವ ಕೆಲಸ ತಪ್ಪಿತು. ಅಮೆರಿಕದ ಓಕೆ ಗೋ ತಂಡ 2006ರಲ್ಲಿ ಒಂದು ವಿಡಿಯೋ ಹಾಕಿತು. ಜಿಮ್ಮಿನಲ್ಲಿ ನಿಂತಲ್ಲೇ ಓಡುವ ಟ್ರೆಡ್‌ಮಿಲ್ ಯಂತ್ರ ಇರುತ್ತದಲ್ಲ, ಅಂಥ ಎಂಟು ಯಂತ್ರಗಳ ಮೇಲೆ ನಾಲ್ವರು ಹಾಡಿನ ಉದ್ದಕ್ಕೂ ಕುಣಿಯುತ್ತಾರೆ. ಕುಣಿತ ಕಲಿಸಿದವರು ಹಾಡುಗಾರನ ಅಕ್ಕ ಟ್ರಿಶ್ ಸೀ. ಕ್ಯಾಮೆರಾ ಒಂದೇ ಕಡೆ ನಿಂತಿದೆ, ನಡುವೆ ಒಂದೂ ಕತ್ತರಿ ಇಲ್ಲ. ಒಬ್ಬ ಕಾಲು ತಪ್ಪಿದರೆ ಮತ್ತೆ ಮೊದಲಿಂದ. 17 ಸಲ ಪ್ರಯತ್ನಪಟ್ಟು ಸರಿಯಾದ ಒಂದು ಟೇಕ್ ಪಡೆದರು. ಮುಂದಿನ ವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ದುಡ್ಡಿಲ್ಲದವರಿಗೆ ಅಭ್ಯಾಸವೇ ಬಂಡವಾಳ ಎಂಬುದು ನಮ್ಮ ದೊಡ್ಡಾಟ, ಕೋಲಾಟದವರಿಗೆ ಹೊಸ ಸುದ್ದಿಯೇನಲ್ಲ.

ಬಾಗಿಲು ತೆರೆದರೂ ಹಳೆಯ ಒಂದು ಪ್ರಶ್ನೆ ಹಾಗೇ ಉಳಿದಿದೆ. ಹಾಡು ಯಾರದ್ದು, ಹೆಸರು ಯಾರಿಗೆ?

2021ರ ಮಾರ್ಚ್‌ನಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಬಂತು. ನಮ್ಮ ಹಳ್ಳಿಯ ಮದುವೆಗಳಲ್ಲೂ ಡಿಜೆಯವರು ಅದನ್ನು ಹಾಕಿದ್ದಾರೆ. ಹಾಡಿದವರು ಧೀ ಮತ್ತು ಅರಿವು, ಸಂಗೀತದ ಹೊಣೆ ಸಂತೋಷ್ ನಾರಾಯಣನ್ ಅವರದ್ದು, ವಿಡಿಯೋ ನಿರ್ದೇಶನ ಅಮಿತ್ ಕೃಷ್ಣನ್. ನೆಲ ಹಸನು ಮಾಡಿ, ತೋಟ ಬೆಳೆಸಿ, ಕೊನೆಗೆ ನೆಲವಿಲ್ಲದೆ ಉಳಿದ ಜನರ ಹಾಡು ಅದು. ಶ್ರೀಲಂಕಾದ ಟೀ ತೋಟದಲ್ಲಿ ದುಡಿದ ತನ್ನ ಅಜ್ಜಿಯ ಬದುಕಿನಿಂದ ಅರಿವು ಪದ ಕಟ್ಟಿದ್ದರು. ಜನ ಕೋಟಿಗಟ್ಟಲೆ ಸಲ ನೋಡಿದರು.

ಅದೇ ವರ್ಷ ಆಗಸ್ಟ್‌ನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ಪದ ಬರೆದವನನ್ನೇ ಏಕೆ ಬಿಟ್ಟಿರಿ ಎಂದು ನಿರ್ದೇಶಕ ಪಾ. ರಂಜಿತ್ ಕೇಳಿದರು. ಆಮೇಲೆ ಪತ್ರಿಕೆ ಅರಿವು ಅವರ ಚಿತ್ರವಿದ್ದ ಮುಖಪುಟವನ್ನೂ ಹೊರತಂದಿತು. 2022ರಲ್ಲಿ ಚೆನ್ನೈಯ ಚೆಸ್ ಒಲಿಂಪಿಯಾಡ್ ವೇದಿಕೆಯಲ್ಲಿ ಅರಿವು ಇಲ್ಲದೆಯೇ ಹಾಡು ನಡೆದಾಗ ಮತ್ತೆ ಮಾತು ಎದ್ದಿತು. ಯಾರ ಕೆಲಸ ಎಷ್ಟು ಎಂಬ ಬಗ್ಗೆ ಮೂವರೂ ತಮ್ಮ ತಮ್ಮ ಮಾತು ಹೇಳಿದರು. 2024ರಲ್ಲಿ ಸಂತೋಷ್ ನಾರಾಯಣನ್, ಆ ಹಾಡಿನಿಂದ ತಮಗೆ ಅಲ್ಲಿಯವರೆಗೆ ಒಂದು ಪೈಸೆಯೂ ಬಂದಿಲ್ಲ ಎಂದರು. ಅಷ್ಟು ಹೆಸರಾದವರ ಗತಿಯೇ ಹೀಗಾದರೆ ದಮ್ಮಡಿ ಬಡಿಯುವವರ ಪಾಡೇನು?

ಕಾನೂನಿನಲ್ಲಿ ಒಂದು ಆಸರೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಹಾಡಿದವರು, ನುಡಿಸಿದವರು, ಕುಣಿದವರು, ಇದು ನನ್ನ ಪ್ರದರ್ಶನ, ನನ್ನ ಹೆಸರು ಹಾಕಿ ಎಂದು ಕೇಳಬಹುದು. ತಮ್ಮ ಮಾನಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯಬಹುದು. ಸಂತೆಯಲ್ಲಿ, ಜಾತ್ರೆಯಲ್ಲಿ ಹಾಡುವವರ ಮುಂದೆ ಮೊಬೈಲ್ ಹಿಡಿಯುವ ನಮ್ಮಂಥವರು ಇದನ್ನು ಅವರಿಗೆ ನಾವಾಗಿಯೇ ಹೇಳಬೇಕು.

ಮತ್ತೆ ಅಜ್ಜನ ಜಗಲಿಗೆ

ಇಷ್ಟೆಲ್ಲ ತಿಳಿದ ಮೇಲೆ ನಾವು ಮತ್ತೆ ಅಜ್ಜನ ಮನೆಗೆ ಹೋದೆವು. ಮೊದಲು ತಪ್ಪಾಯಿತು ಅಂದೆವು. ಹಾಡು ಮೊದಲು, ಪಟ ಆಮೇಲೆ ಅಂದೆವು. ಎಲ್ಲಿ, ಯಾವ ಹೊತ್ತಿನಲ್ಲಿ ಹಾಡಿದರೆ ನಿಮಗೆ ಹಿತ ಎಂದು ಕೇಳಿದೆವು. "ಮುಂಜಾನೆ, ನಮ್ಮ ಕಟ್ಟಿ ಮ್ಯಾಲ. ದನಾ ಮೇಯಾಕ ಬಿಡೂ ಮೊದಲ" ಅಂದರು.

ಸ್ಪೀಕರ್ ಒಯ್ಯಲಿಲ್ಲ. ಎರಡು ಮೊಬೈಲ್, ದನಿಗೆ ಒಂದು ರೆಕಾರ್ಡರ್. ಒಂದು ಮೊಬೈಲ್ ಮೂವರ ಮೇಲೆ, ಇನ್ನೊಂದು ಅಜ್ಜನ ಮುಖದ ಮೇಲೆ. ಅಜ್ಜ ತಮಗೆ ಬೇಕಾದಲ್ಲಿ ಎಳೆದರು, ಬೇಕಾದಲ್ಲಿ ನಿಲ್ಲಿಸಿದರು. ನಡುವೆ ಒಂದು ಕೋಳಿ ದಾಟಿಹೋಯಿತು. ಒಮ್ಮೆ ಕೆಮ್ಮು ಬಂತು. ಏನನ್ನೂ ಕತ್ತರಿಸಲಿಲ್ಲ. ಒಂದೇ ಟೇಕಿನಲ್ಲಿ ಮುಗಿಯಿತು. ಎಡಿಟಿಂಗಿನಲ್ಲಿ ನಮಗೆ ಉಳಿದದ್ದು ಎರಡು ಮೊಬೈಲಿನ ಚಿತ್ರಗಳನ್ನು ಜೋಡಿಸುವುದು ಮತ್ತು ಕೊನೆಯಲ್ಲಿ ಮೂವರ ಹೆಸರು, ಊರು ಬರೆಯುವುದು.

ವಿಡಿಯೋ ಹಾಕಿದ ಸಂಜೆ ಅವರಿಗೆ ತೋರಿಸಲು ಹೋದೆವು. ಆಗ 412 ಜನ ನೋಡಿದ್ದರು. ಅಜ್ಜ ಒಮ್ಮೆ ನೋಡಿ, "ಹೂಂ, ಹಾಡೈತಿ" ಅಂದು ಎದ್ದರು. ದಮ್ಮಡಿಯವರು ಮಾತ್ರ ಏಳಲಿಲ್ಲ. ಹೆಸರು ಬರುವ ಕಡೆ ನಿಲ್ಲಿಸಿ ಅಂದರು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು. ಆಮೇಲೆ ನಿಧಾನಕ್ಕೆ, "ನನ್ನ ಹೆಸರಿನಾಗ ಒಂದ ಒತ್ತು ತಪ್ಪೈತಿ ನೋಡ್ರಿ" ಅಂದರು.

ಯೂಟ್ಯೂಬಿನಲ್ಲಿ ಹಾಕಿದ ವಿಡಿಯೋದೊಳಗಿನ ಅಕ್ಷರ ತಿದ್ದಲು ಆಗುವುದಿಲ್ಲ. ತೆಗೆದು ಹೊಸದಾಗಿ ಹಾಕಬೇಕು, ನೋಡಿದವರ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವತ್ತು ರಾತ್ರಿಯೇ ತೆಗೆದು, ಒತ್ತು ಸರಿಮಾಡಿ, ಮತ್ತೆ ಹಾಕಿದೆವು.